ಒಬ್ಬ ಗಂಡ, ಇಬ್ಬರು ಹೆಂಡಿರು, ಒಂದು ಸುಟ್ಟ ದಫ್ತರ: ಕ್ವೆಬೆಕ್‌ನ ದ್ರುವ್ಯಾಂ ಮನೆತನದ ಪ್ರಕರಣ ಅಧ್ಯಯನ

ಪರೀಕ್ಷೆಗೆ ತೆಗೆದುಕೊಂಡದ್ದು ವಂಶವೃಕ್ಷದ ಒಂದೇ ಒಂದು ಸಾಲು: "ಮೂಲಪುರುಷ ನಿಕೋಲಾ ದ್ರುವ್ಯಾಂ, ತಂದೆ ರೋಬೆರ್ ದ್ರುವ್ಯಾಂ, ತಾಯಿ ಆನ್ ಕ್ಲೂತಿಯೇ, ಆನ್‌ಳ ತಂದೆ ಜಕಾರಿ ಕ್ಲೂತಿಯೇ." ದ್ರುವ್ಯಾಂ ಎಂಬ ಮನೆಹೆಸರು ಹೊತ್ತವರು ಈ ಸಾಲಿಗೆ ಬೇಗ ಮನಸೋಲುತ್ತಾರೆ. ಜಕಾರಿ ಕ್ಲೂತಿಯೇ ಸಾಮಾನ್ಯ ಹೆಸರಲ್ಲ. ಮಾಂಟ್ರಿಯಲ್ ವಿಶ್ವವಿದ್ಯಾಲಯದ ಐತಿಹಾಸಿಕ ಜನಸಂಖ್ಯಾ ಸಂಶೋಧನಾ ಯೋಜನೆ, ಅಂದರೆ ಪಿಆರ್‌ಡಿಎಚ್, ಹಾಕಿದ ಲೆಕ್ಕದಂತೆ 1800ರ ಹೊತ್ತಿಗೆ ಆತನಿಗೆ 10,850 ವಂಶಜರು. ಫ್ರೆಂಚ್ ಕೆನಡಾದ ವಲಸಿಗರಲ್ಲಿ ಅಷ್ಟು ದೊಡ್ಡ ಸಂತಾನ ಇನ್ನೊಬ್ಬರಿಗಿಲ್ಲ. ಅಂಥ ಅಜ್ಜ ಸಿಕ್ಕನೆಂದರೆ ಯಾರೂ ಮುಂದೆ ಕೆದಕಲು ಹೋಗುವುದಿಲ್ಲ.

ಆದರೆ ಆ ಸಾಲು ತಪ್ಪು. ರೋಬೆರ್ ಹೌದು, ನಿಕೋಲಾ ಹೌದು, ಆನ್ ರೋಬೆರ್‌ನ ಹೆಂಡತಿ ಎಂಬುದೂ ಹೌದು. ಮೂರು ನಿಜಗಳನ್ನು ಜೋಡಿಸಿದ ಗಂಟು ಮಾತ್ರ ಸುಳ್ಳು. ಫ್ರೆಂಚ್ ಕೆನಡಾದ ವಂಶಶೋಧನೆಯಲ್ಲಿ ದಾಖಲೆ ಇಲ್ಲದ್ದರಿಂದ ಆಗುವ ತಪ್ಪು ಕಡಿಮೆ. ದಾಖಲೆ ಎದುರಿಗೇ ಇದ್ದೂ ಹೆಂಗಸರ ಹೆಸರಿನ ಮೇಲೆ ಕಣ್ಣು ಹಾಯಿಸದೆ, ಗಂಡಸರ ಮನೆಹೆಸರನ್ನೇ ಹಿಡಿದು ಹೋದದ್ದರಿಂದ ಆಗುವ ತಪ್ಪೇ ಹೆಚ್ಚು.

ಹಿಂದಕ್ಕೆ ಹೋಗುವ ದಾರಿ: ಮದುವೆಯಿಂದ ಮದುವೆಗೆ

ಹೊಸ ಫ್ರಾನ್ಸ್‌ನ, ಅಂದರೆ ಉತ್ತರ ಅಮೆರಿಕದಲ್ಲಿದ್ದ ಫ್ರೆಂಚ್ ವಸಾಹತಿನ, ಕ್ಯಾಥೊಲಿಕ್ ಚರ್ಚುಗಳು ಮೂರು ಬಗೆಯ ದಾಖಲೆ ಇಟ್ಟವು: ದೀಕ್ಷಾಸ್ನಾನ, ಮದುವೆ, ಸಮಾಧಿ. ಮೂರರಲ್ಲಿ ತೂಕದ್ದು ಮದುವೆಯದು. ಮೊದಲ ಮದುವೆಯಾದರೆ ಗಂಡಿನ ತಂದೆ ತಾಯಿ, ಹೆಣ್ಣಿನ ತಂದೆ ತಾಯಿ, ಅವರವರ ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ಪ್ರದೇಶ), ಚರ್ಚಿನಲ್ಲಿ ಮೂರು ವಾರ ಸಾರಿದ ಮದುವೆಯ ಘೋಷಣೆ, ಸಾಕ್ಷಿಗಳು, ಎಲ್ಲವೂ ಒಂದೇ ಬರಹದಲ್ಲಿ ಸಿಗುತ್ತವೆ. ತಾಯಂದಿರನ್ನು ತವರಿನ ಹೆಸರಿನಿಂದಲೇ ಬರೆದಿರುತ್ತಾರೆ. ಆ ಸಮಾಜದಲ್ಲಿ ಹೆಣ್ಣು ಮದುವೆಯಾದ ಮೇಲೂ ಕಾಗದಪತ್ರದಲ್ಲಿ ತವರುಹೆಸರನ್ನು ಬಿಡುತ್ತಿರಲಿಲ್ಲ. ಹಾಗಾಗಿ ಒಂದು ಮದುವೆಯ ಬರಹ ಸಿಕ್ಕರೆ ಅದರ ಹಿಂದಿನ ಎರಡು ಮದುವೆಗಳನ್ನು ಹುಡುಕಲು ಬೇಕಾದ ನಾಲ್ಕೂ ಹೆಸರು ಕೈಗೆ ಬಂದ ಹಾಗೆ. ಇಪ್ಪತ್ತನೆಯ ಶತಮಾನದಿಂದ ಹೊರಟು ಒಂದೇ ಗಂಡುಸಾಲಿನಲ್ಲಿ 1650ರ ಸುಮಾರಿಗೆ ತಲುಪಲು ಹತ್ತರಿಂದ ಹನ್ನೆರಡು ಮದುವೆಗಳು ಸಾಕು.

ಈ ಹತ್ತು ಹನ್ನೆರಡರಲ್ಲಿ ಒಂದನ್ನೂ ಹಾರಿಸಬಾರದು. ದೀಕ್ಷಾಸ್ನಾನದ ಬರಹದಿಂದ ದೀಕ್ಷಾಸ್ನಾನದ ಬರಹಕ್ಕೆ ಜಿಗಿಯುವವರು ಎಡವುವುದು ಇಲ್ಲಿಯೇ. ಒಂದೇ ಪ್ಯಾರಿಷ್‌ನಲ್ಲಿ ಐದು ವರ್ಷದೊಳಗೆ ಇಬ್ಬರು ಪಿಯೆರ್ ದ್ರುವ್ಯಾಂ ಹುಟ್ಟಿರಬಹುದು. ಮಗು ತೀರಿಕೊಂಡಿದ್ದರೆ ಅದೇ ಹೆಸರನ್ನು ಮುಂದಿನ ಮಗುವಿಗೆ ಇಡುವುದೂ ಸಾಮಾನ್ಯವಾಗಿತ್ತು. ದೊಡ್ಡವನಾಗಿ ಮದುವೆಯಾದವನು ಇಬ್ಬರಲ್ಲಿ ಯಾರು ಎಂಬುದನ್ನು ಮದುವೆಯ ಬರಹದಲ್ಲಿರುವ ತಾಯಿಯ ಹೆಸರೇ ತೀರ್ಮಾನಿಸುತ್ತದೆ.

ಮೂಲ ಚಿತ್ರಗಳನ್ನು ನೋಡಲು ಹಣ ಬೇಕೆಂದೇನಿಲ್ಲ. ಫ್ಯಾಮಿಲಿಸರ್ಚ್ ತಾಣದಲ್ಲಿ ಕ್ವೆಬೆಕ್‌ನ ಕ್ಯಾಥೊಲಿಕ್ ಪ್ಯಾರಿಷ್ ದಫ್ತರಗಳು 1621ರಿಂದ ಇವೆ. ಪಿಆರ್‌ಡಿಎಚ್ ಚಂದಾ ತೆಗೆದುಕೊಂಡರೆ 1849ರವರೆಗಿನ ದಂಪತಿಗಳು ಮಕ್ಕಳ ಸಮೇತ ಒಂದೊಂದು ಕುಟುಂಬದ ಕಡತವಾಗಿ ಸಿಗುತ್ತಾರೆ. ಇಲ್ಲೊಂದು ತಮಾಷೆಯ ಕಾಕತಾಳೀಯ: ಈ ದಫ್ತರಗಳನ್ನು ಇಪ್ಪತ್ತನೆಯ ಶತಮಾನದಲ್ಲಿ ದೊಡ್ಡ ಪ್ರಮಾಣದಲ್ಲಿ ಮೈಕ್ರೋಫಿಲ್ಮ್ ಮಾಡಿಸಿದ ಸಂಸ್ಥೆಯ ಹೆಸರೂ ದ್ರುವ್ಯಾಂ. ತಾಣಗಳಲ್ಲಿ "ದ್ರುವ್ಯಾಂ ಸಂಗ್ರಹ" ಎಂದು ಕಂಡರೆ ಅದು ಆ ಮನೆತನದ ಕಾಗದಪತ್ರವಲ್ಲ, ಎಲ್ಲ ಮನೆತನಗಳ ಚರ್ಚು ದಫ್ತರ.

ಹುಡುಕುವಾಗ ಕನ್ನಡದ ಉಚ್ಚಾರಣೆಯನ್ನು ಮರೆತು ಅಕ್ಷರಗಳನ್ನು ಟೈಪಿಸಬೇಕು: ಡಿ, ಆರ್, ಓ, ಯು, ಐ, ಎನ್. ಐ ಇರುವ ಜಾಗದಲ್ಲಿ ವೈ ಇರುವ ರೂಪವನ್ನೂ ನೋಡಬೇಕು. ಕೊನೆಯ ಅಕ್ಷರಗಳು ಮಸುಕಾದಲ್ಲಿ ಸೂಚಿ ಮಾಡಿದವರು ಏನೇನೋ ಓದಿಕೊಂಡಿರುತ್ತಾರೆ, ಆದ್ದರಿಂದ ಮನೆಹೆಸರನ್ನು ಖಾಲಿ ಬಿಟ್ಟು ಗಂಡ ಹೆಂಡಿರ ಮೊದಲ ಹೆಸರುಗಳಿಂದಷ್ಟೇ ಹುಡುಕಿದರೆ ಕೆಲವೊಮ್ಮೆ ಬೇಗ ಸಿಗುತ್ತದೆ. 1840ರಿಂದ 1930ರ ನಡುವೆ ಸುಮಾರು ಒಂಬತ್ತು ಲಕ್ಷ ಫ್ರೆಂಚ್ ಕೆನಡಿಯನ್ನರು ಅಮೆರಿಕಕ್ಕೆ ಹೋದರು. ಅವರ ಮೊಮ್ಮಕ್ಕಳ ಸಾಲಿನಿಂದ ಹೊರಡುವವರಿಗೆ ತೊಡಕು ಇನ್ನೂ ಒಂದು: ಬ್ವಾವೆರ್ ಎಂಬುವರು ಗ್ರೀನ್‌ವುಡ್ ಆದರು, ರ್ವಾ ಎಂಬುವರು ಕಿಂಗ್ ಆದರು, ಲಬ್ಲಾಂ ಎಂಬುವರು ವೈಟ್ ಆದರು. ಅಲ್ಲಿನ ನಗರಸಭೆಯ ದಾಖಲೆಯನ್ನು ಬಿಟ್ಟು ಅದೇ ಊರಿನ ಫ್ರೆಂಚ್ ಚರ್ಚಿನ ದಫ್ತರ ತೆಗೆದರೆ ಹಳೆಯ ಹೆಸರು ಹಾಗೇ ಇರುತ್ತದೆ.

ಗಂಟು ಬಿಚ್ಚುವ ಜಾಗ: 1674

ದ್ರುವ್ಯಾಂ ಗಂಡುಸಾಲು ಹಿಂದೆ ಹಿಂದೆ ಹೋದಂತೆ ಕ್ವೆಬೆಕ್ ನಗರದ ಕೆಳಹರಿವಿನ ಬೋಪ್ರೇ ತೀರಕ್ಕೂ ಅದರ ಎದುರಿನ ಓರ್ಲೆಯಾಂ ದ್ವೀಪಕ್ಕೂ ಬಂದು ನಿಲ್ಲುತ್ತದೆ. ಅಲ್ಲಿ ಇಬ್ಬರು ಅಣ್ಣತಮ್ಮಂದಿರು. ನಿಕೋಲಾ 1674ರಲ್ಲಿ ಮರೀ ಲ್ವಾಞೋಂಳನ್ನು ಮದುವೆಯಾದ. ಎತಿಯೆನ್ 1682ರಲ್ಲಿ ಅವಳ ತಂಗಿ ಕತ್ರೀನ್‌ಳನ್ನು ಮದುವೆಯಾದ. ದ್ರುವ್ಯಾಂ ಹೆಸರು ಮುಂದುವರಿದದ್ದು ಈ ಇಬ್ಬರಿಂದ.

ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ಮದುವೆಯಾದರೆ ಶೋಧಕರಿಗೆ ತಲೆನೋವು ಖಚಿತ. ಎರಡೂ ಮನೆಯ ಮಕ್ಕಳಿಗೆ ನಾಲ್ವರು ಅಜ್ಜ ಅಜ್ಜಿಯರೂ ಒಬ್ಬರೇ. ಮಗುವಿಗೆ ದೀಕ್ಷಾಸ್ನಾನಕ್ಕೆ ನಿಂತ ಜ್ಞಾನತಂದೆಯದೋ ಜ್ಞಾನತಾಯಿಯದೋ ಹೆಸರಿಡುವ ರೂಢಿಯಿಂದಾಗಿ ಹೆಸರುಗಳೂ ಅವವೇ ಮರುಕಳಿಸುತ್ತವೆ. ಈ ತಲೆಮಾರಿನಲ್ಲಿ ತಾಯಿಯ ಮನೆಹೆಸರೂ ನೆರವಿಗೆ ಬರುವುದಿಲ್ಲ, ಎರಡೂ ಕಡೆ ಅದು ಲ್ವಾಞೋಂ. ಮರೀಯೋ ಕತ್ರೀನೋ ಎಂಬ ಮೊದಲ ಹೆಸರಿನವರೆಗೆ ಓದಲೇಬೇಕು. ಸೂಚಿಯಲ್ಲಿ ಮನೆಹೆಸರು ಮಾತ್ರ ನೋಡಿ ಟಿಪ್ಪಣಿ ಮಾಡಿಕೊಂಡವರ ಕಾಗದದಲ್ಲಿ ದಾಯಾದಿಯೊಬ್ಬ ತಂದೆಯಾಗಿ ಕೂತುಬಿಟ್ಟಿರುತ್ತಾನೆ.

ಈಗ ನಿಕೋಲಾನ ಮದುವೆಯ ಬರಹ. ಅವನ ತಂದೆ ರೋಬೆರ್ ದ್ರುವ್ಯಾಂ, ತಾಯಿ ಮರೀ ಶಾಪೆಲಿಯೇ. ಆನ್ ಕ್ಲೂತಿಯೇ ಅಲ್ಲ. ಪ್ರಕರಣ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಒಂದೇ ಬರಹ ನೋಡಿ ಹಳೆಯ ಸಾಲನ್ನು ಹೊಡೆದುಹಾಕುವುದೂ ಅವಸರವೇ. ಪಾದ್ರಿಯ ಕೈತಪ್ಪೂ ಇದ್ದೀತು, ಒಂದೇ ಹೆಸರಿನ ಇಬ್ಬರು ರೋಬೆರ್‌ಗಳೂ ಇದ್ದಾರು. ಆದ್ದರಿಂದ ರೋಬೆರ್‌ನ ಮನೆಯನ್ನು ಮೊದಲಿನಿಂದ ಕಟ್ಟಿ ನೋಡಬೇಕು.

ರೋಬೆರ್‌ನ ಮೊದಲ ಮದುವೆ ಮತ್ತು ಬೆಂಕಿ

ರೋಬೆರ್ ಇಟ್ಟಿಗೆ ಸುಡುವವನು. ಫ್ರಾನ್ಸ್‌ನ ಪೆರ್ಶ್ ಪ್ರಾಂತ್ಯದ ಲ ಪ್ಯಾಂ-ಲಾ-ಗಾರೆನ್ ಎಂಬ ಹಳ್ಳಿಯಲ್ಲಿ 1607ರ ಆಗಸ್ಟ್‌ನಲ್ಲಿ ದೀಕ್ಷಾಸ್ನಾನವಾದವನು. ಕ್ಲೂತಿಯೇ ಕುಟುಂಬ ಅದೇ ಪ್ರಾಂತ್ಯದ ಮೋರ್ತಾಞ್ ಪಟ್ಟಣದ್ದು. ಕ್ವೆಬೆಕ್ ಬಳಿಯ ಬೋಪೋರ್ ಜಹಗೀರು ಪಡೆದ ರೋಬೆರ್ ಜಿಫಾರ್ ಎಂಬ ವೈದ್ಯ 1634ರಲ್ಲಿ ಮೋರ್ತಾಞ್‌ನಲ್ಲೇ ಬಡಗಿ ಜಕಾರಿ ಕ್ಲೂತಿಯೇ, ಗಾರೆಕೆಲಸದ ಜಾಂ ಗಿಯೋಂ ಇಬ್ಬರೊಡನೆ ಕರಾರು ಮಾಡಿಕೊಂಡು ಕೆನಡಾಕ್ಕೆ ಕರೆತಂದ. ಜಕಾರಿಗೆ ಸಹಿ ಬರುತ್ತಿರಲಿಲ್ಲ. ಕಾಗದದ ಅಡಿಯಲ್ಲಿ ಕೊಡಲಿಯ ಚಿತ್ರ ಬರೆಯುತ್ತಿದ್ದ. ಹಳೆಯ ಪತ್ರ ಜಕಾರಿಯದೋ ಅವನ ಮಗ ಕಿರಿಯ ಜಕಾರಿಯದೋ ಎಂಬ ಅನುಮಾನ ಬಂದಾಗ ಮೊದಲು ನೋಡಬೇಕಾದದ್ದು ಆ ಕೊಡಲಿಯನ್ನು.

ರೋಬೆರ್ ದ್ರುವ್ಯಾಂ ಮತ್ತು ಜಕಾರಿಯ ಮಗಳು ಆನ್ ನಡುವಿನ ಮದುವೆಯ ಕರಾರುಪತ್ರದ ತಾರೀಖು 1636ರ ಜುಲೈ 27. ಊರಲ್ಲಿ ನೋಟರಿ ಇಲ್ಲದ ಕಾಲ. ಅದನ್ನು ಬರೆದವನು ಗಾರೆಕೆಲಸದ ಜಾಂ ಗಿಯೋಂ. ಕೆನಡಾದಲ್ಲಿ ಉಳಿದಿರುವ ಮದುವೆ ಕರಾರುಗಳಲ್ಲಿ ಇದೇ ಅತ್ಯಂತ ಹಳೆಯದು. ಮೋರ್ತಾಞ್‌ನ ದಫ್ತರದಂತೆ ಆನ್ ದೀಕ್ಷಾಸ್ನಾನ ಪಡೆದದ್ದು 1626ರ ಜನವರಿಯಲ್ಲಿ, ಅಂದರೆ ಕರಾರಿನ ದಿನ ಆಕೆಗೆ ಹತ್ತು ವರ್ಷ. ಚರ್ಚಿನ ಮದುವೆ ನಡೆದದ್ದು ಮಾರನೆಯ ವರ್ಷ, 1637ರ ಜುಲೈ 12ರಂದು.

ಎರಡು ತಾರೀಖುಗಳ ನಡುವಿನ ಈ ಒಂದು ವರ್ಷ ಎಷ್ಟೋ ಪಟ್ಟಿಗಳನ್ನು ಕೆಡಿಸಿದೆ. ಕರಾರು ಬೇರೆ, ಮದುವೆ ಬೇರೆ. ಸಾಮಾನ್ಯವಾಗಿ ಎರಡರ ನಡುವೆ ಕೆಲವು ದಿನ ಅಥವಾ ವಾರಗಳ ಅಂತರವಿರುತ್ತದೆ, ಕೆಲವು ಕರಾರುಗಳು ಮದುವೆಯಾಗದೆಯೇ ರದ್ದಾದದ್ದೂ ಉಂಟು. ನೋಟರಿ ಪತ್ರಗಳ ಸೂಚಿಯಾದ ಪಾರ್ಶ್‌ಮೆಂ ಕರಾರಿನ ತಾರೀಖು ಕೊಡುತ್ತದೆ. ಅದನ್ನೇ ಮದುವೆಯ ದಿನವೆಂದು ನಕಲು ಮಾಡಿದರೆ ಮುಂದಿನ ಲೆಕ್ಕಗಳೆಲ್ಲ ಸೊಟ್ಟಾಗುತ್ತವೆ. ವಂಶವೃಕ್ಷದ ತಂತ್ರಾಂಶದಲ್ಲಿ ಕರಾರಿಗೆ ಒಂದು ಘಟನೆ, ಮದುವೆಗೆ ಇನ್ನೊಂದು ಘಟನೆ ಎಂದು ಬೇರೆ ಬೇರೆ ತುಂಬಬೇಕು.

ಈ ಪ್ರಕರಣದಲ್ಲಿ ಕರಾರಿಗೆ ಇನ್ನೂ ಒಂದು ಬೆಲೆ ಇದೆ. 1640ರ ಜೂನ್ 14ರಂದು ಕ್ವೆಬೆಕ್‌ನ ಚರ್ಚು ಮತ್ತು ಜೆಸ್ವಿಟ್ ಪಾದ್ರಿಗಳ ಮನೆ ಸುಟ್ಟು ಹೋದವು. ಅಲ್ಲಿಯವರೆಗಿನ ದಫ್ತರವೂ ಅವುಗಳೊಂದಿಗೆ ಬೂದಿಯಾಯಿತು. ಆಮೇಲೆ ಊರಿನವರ ನೆನಪಿನ ಆಧಾರದ ಮೇಲೆ ಪಾದ್ರಿಗಳು ಹಳೆಯ ಘಟನೆಗಳನ್ನು ಮತ್ತೆ ಬರೆದರು. ಇವತ್ತು ತೆರೆಯ ಮೇಲೆ ಕಾಣುವ 1637ರ ಮದುವೆಯ ಬರಹ ಆ ಮರುಬರಹ. ಕೈಬರಹ ಹಳೆಯದು, ಕಾಗದ ಹಳೆಯದು, ನೋಡಿದರೆ ಮೂಲವೆಂದೇ ತೋರುತ್ತದೆ, ಆದರೆ ಅದು ನೆನಪಿನಿಂದ ಎತ್ತಿದ್ದು. 1640ರ ಜೂನ್‌ಗೆ ಮೊದಲಿನ ಯಾವುದೇ ಕ್ವೆಬೆಕ್ ಬರಹಕ್ಕೂ ಇದೇ ಎಚ್ಚರ ಬೇಕು. ಅಲ್ಲಿ ಮಗುವೊಂದು ಬಿಟ್ಟುಹೋಗಿದ್ದರೆ ಹುಟ್ಟೇ ಇರಲಿಲ್ಲ ಎಂದು ತೀರ್ಮಾನಿಸಬಾರದು, ಇದ್ದ ತಾರೀಖನ್ನು ದಿನದ ಮಟ್ಟಿಗೆ ನಂಬಲೂ ಬಾರದು. ರೋಬೆರ್ ಮತ್ತು ಆನ್ ವಿಷಯದಲ್ಲಿ ಬೆಂಕಿಗೆ ಸಿಗದೆ ಉಳಿದ ಕರಾರುಪತ್ರ ಸ್ವತಂತ್ರ ಸಾಕ್ಷಿಯಾಗಿ ನಿಲ್ಲುತ್ತದೆ. ದಂಪತಿ ಯಾರು ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ.

ಆನ್ 1648ರ ಫೆಬ್ರವರಿ ಆದಿಯಲ್ಲಿ ತೀರಿಕೊಂಡಳು, ಇಪ್ಪತ್ತೆರಡನೆಯ ವಯಸ್ಸಿಗೆ. ಹುಟ್ಟಿದ ಮಕ್ಕಳಲ್ಲಿ ಬೆಳೆದು ಮದುವೆಯವರೆಗೆ ಬಂದವರು ಇಬ್ಬರು ಹೆಣ್ಣುಮಕ್ಕಳು ಮಾತ್ರ: 1643ರಲ್ಲಿ ಹುಟ್ಟಿದ ಜನ್ವಿಯೆವ್, 1647ರಲ್ಲಿ ಹುಟ್ಟಿದ ಜಾನ್. ಗಂಡು ಸಂತಾನ ಉಳಿಯಲಿಲ್ಲ.

ರೋಬೆರ್ 1649ರ ನವೆಂಬರ್ 29ರಂದು ಮರೀ ಶಾಪೆಲಿಯೇಯನ್ನು ಮದುವೆಯಾದ. ಆಕೆ ಪಿಯೆರ್ ಪತೀ ಎಂಬಾತನ ವಿಧವೆ, ಪ್ಯಾರಿಸ್ ಹತ್ತಿರದ ಬ್ರೀ-ಕೋಂತ್-ರೋಬೆರ್ ಕಡೆಯವಳು. ವಿಧವೆಯ ಮದುವೆಯ ಬರಹದಲ್ಲಿ ತಂದೆ ತಾಯಿಯ ಹೆಸರು ಬಿಟ್ಟು "ಇಂಥವನ ವಿಧವೆ" ಎಂದಷ್ಟೇ ಬರೆಯುವ ಪಾದ್ರಿಗಳು ಬಹಳ. ಅಂಥ ಕಡೆ ಸಾಲು ಮುರಿಯುತ್ತದೆ. ಮುರಿದಲ್ಲಿ ಮಾಡಬೇಕಾದದ್ದು ಎರಡು: ಆಕೆಯ ಮೊದಲ ಮದುವೆಯನ್ನು ಹುಡುಕುವುದು, ಅದು ಫ್ರಾನ್ಸ್‌ನಲ್ಲಾಗಿದ್ದು ಸಿಗದಿದ್ದರೆ ಎರಡನೆಯ ಮದುವೆಯ ನೋಟರಿ ಕರಾರನ್ನು ತೆಗೆಸುವುದು. ಕರಾರಿನಲ್ಲಿ ವಿಧವೆಯ ಹುಟ್ಟೂರು, ತಂದೆ ತಾಯಿ ಬರುವ ಸಾಧ್ಯತೆ ಹೆಚ್ಚು. ಮರೀಯನ್ನು "ರಾಜನ ಹೆಣ್ಣುಮಕ್ಕಳು" ಎಂಬ ಗುಂಪಿಗೆ ಸೇರಿಸಿದ ಪಟ್ಟಿ ಸಿಕ್ಕರೆ ಅದನ್ನು ಪಕ್ಕಕ್ಕಿಡಿ. ರಾಜನ ಖರ್ಚಿನಲ್ಲಿ ಬಂದ ಆ ಸುಮಾರು 770 ಹೆಂಗಸರು 1663ರಿಂದ 1673ರೊಳಗೆ ಬಂದವರು. ಮರೀ ಬಂದದ್ದು ಅದಕ್ಕೂ ಹದಿನಾಲ್ಕು ವರ್ಷ ಮೊದಲೇ.

ಇನ್ನು ಲೆಕ್ಕ ಸುಲಭ. ನಿಕೋಲಾ ಹುಟ್ಟಿದ್ದು 1650ರ ದಶಕದಲ್ಲಿ, ಆನ್ ಸತ್ತದ್ದು 1648ರಲ್ಲಿ. ಸತ್ತು ವರ್ಷಗಳಾದ ಮೇಲೆ ಯಾರೂ ಹೆರುವುದಿಲ್ಲ. ಮದುವೆಯ ಬರಹ ಹೇಳಿದ್ದನ್ನೇ ಹುಟ್ಟಿನ ಕಾಲವೂ ಹೇಳುತ್ತದೆ. ಸಮಾಧಿಯ ದಫ್ತರವನ್ನು ಒಮ್ಮೆ ತೆರೆದಿದ್ದರೆ ಆ ತಪ್ಪು ಸಾಲು ಹುಟ್ಟುತ್ತಲೇ ಇರಲಿಲ್ಲ. ಆದರೆ ಸಮಾಧಿಯ ಬರಹ ಓದುವುದರಲ್ಲಿ ಯಾರಿಗೂ ಉತ್ಸಾಹವಿಲ್ಲ, ಅದರಿಂದ ಹೊಸ ಅಜ್ಜ ಸಿಗುವುದಿಲ್ಲವಲ್ಲ.

ಇತರ ಸಾಕ್ಷಿಗಳು ಏನು ಹೇಳುತ್ತವೆ, ಏನು ಹೇಳುವುದಿಲ್ಲ

ವಸಾಹತಿನ ಆಡಳಿತಾಧಿಕಾರಿ (ಇಂತೆಂದಾಂ) ಜಾಂ ತಾಲೋನ್ ಮಾಡಿಸಿದ 1666ರ ಜನಗಣತಿ 3,215 ಜನರನ್ನು ಎಣಿಸಿತು. ಬಿಟ್ಟುಹೋದವರು ಬಹಳ ಇದ್ದದ್ದರಿಂದ 1667ರಲ್ಲಿ ಮತ್ತೆ ಎಣಿಸಿದರು. ಆದ್ದರಿಂದ ಒಂದರಲ್ಲಿ ಮನೆ ಸಿಗದಿದ್ದರೆ ಇನ್ನೊಂದನ್ನು ನೋಡಬೇಕು, ಆಮೇಲೆ 1681ರದ್ದು. ಗಣತಿಯಲ್ಲಿ ಗಂಡ, ಹೆಂಡತಿ, ಮಕ್ಕಳು, ವಯಸ್ಸು ಇರುತ್ತವೆ. ಮಕ್ಕಳ ತಾಯಿ ಅಲ್ಲಿ ಬರೆದಿರುವ ಹೆಂಡತಿಯೇ ಎಂಬ ಖಾತರಿ ಇರುವುದಿಲ್ಲ, ಮಲಮಕ್ಕಳೂ ಅದೇ ಸಾಲಿನಲ್ಲಿ ಕೂತಿರುತ್ತಾರೆ. ರೋಬೆರ್‌ನ ಮನೆಯಲ್ಲಿ ಈ ತೊಡಕು ತಾನಾಗಿಯೇ ಬಗೆಹರಿದಿದೆ. ಜನ್ವಿಯೆವ್ 1656ರಲ್ಲೂ ಜಾನ್ 1659ರಲ್ಲೂ ಮದುವೆಯಾಗಿ ಗಂಡಂದಿರ ಮನೆ ಸೇರಿದ್ದರು. ಗಣತಿಯ ಹೊತ್ತಿಗೆ ತಂದೆಯ ಮನೆಯಲ್ಲಿ ಉಳಿದವರು ಮರೀಯ ಮಕ್ಕಳೇ. ಗಣತಿಯ ವಯಸ್ಸುಗಳಲ್ಲಿ ಎರಡು ಮೂರು ವರ್ಷ ಆಚೀಚೆ ಆಗುವುದು ಮಾಮೂಲು. ದೊಡ್ಡವರ ವಯಸ್ಸು ಹತ್ತರ ಗುಣಕಕ್ಕೆ ಜಾರುತ್ತದೆ.

ಎರಡು ಮದುವೆಯ ಮನೆಗಳಲ್ಲಿ ನೋಟರಿಯ ಪತ್ರಗಳು ಚರ್ಚಿನ ಪುಸ್ತಕಕ್ಕಿಂತ ಚೆನ್ನಾಗಿ ಮಾತಾಡುತ್ತವೆ. ಅಲ್ಲಿ ನಡೆಯುತ್ತಿದ್ದದ್ದು ಪ್ಯಾರಿಸ್ ಪದ್ಧತಿಯ ಕಾನೂನು, 1664ರಿಂದಂತೂ ಅದೊಂದೇ. ಗಂಡ ಹೆಂಡಿರ ಸಮುದಾಯ ಆಸ್ತಿಯಲ್ಲಿ ಒಬ್ಬರು ಸತ್ತರೆ ಅರ್ಧ ಬದುಕಿದವರಿಗೆ, ಅರ್ಧ ಆ ಮದುವೆಯ ಮಕ್ಕಳಿಗೆ. ಇಪ್ಪತ್ತೈದು ತುಂಬದ ಮಕ್ಕಳಿಗೆ ಪಾಲಕನನ್ನು ನೇಮಿಸಿ, ಮತ್ತೆ ಮದುವೆಯಾಗುವ ಮುನ್ನ ಮನೆಯ ಸಾಮಾನು ದನಕರು ಸಾಲ ಎಲ್ಲದರ ಪಟ್ಟಿ ಮಾಡಿಸುವುದು ಕ್ರಮ. ಮುಂದೆ ತಂದೆ ಸತ್ತು ಪಾಲಾಗುವಾಗ "ಮೊದಲ ಹಾಸಿಗೆಯ ಮಕ್ಕಳು", "ಎರಡನೆಯ ಹಾಸಿಗೆಯ ಮಕ್ಕಳು" ಎಂದು ಬೇರೆ ಬೇರೆ ಸಾಲಿನಲ್ಲಿ ಹೆಸರು ಹಿಡಿದು ಬರೆಯುತ್ತಾರೆ. ತಾಯಿ ಯಾರು ಎಂಬ ಜಗಳಕ್ಕೆ ಇದಕ್ಕಿಂತ ನೇರ ಉತ್ತರ ಕೊಡುವ ಕಾಗದ ಬೇರಿಲ್ಲ. ಆದ್ದರಿಂದ ಅಜ್ಜನಿಗೆ ಇಬ್ಬರು ಹೆಂಡಿರು ಎಂದು ತಿಳಿದ ತಕ್ಷಣ ಪಾರ್ಶ್‌ಮೆಂ ಸೂಚಿಯಲ್ಲಿ ಅವನ ಹೆಸರು ಹಾಕಿ, ಮೊದಲು ಸಾಮಾನಿನ ಪಟ್ಟಿ, ಪಾಲಕನ ನೇಮಕ, ಪಾಲುಪತ್ರ ಈ ಮೂರನ್ನು ಹುಡುಕಬೇಕು. ಜಮೀನಿನ ಕ್ರಯಪತ್ರಗಳನ್ನು ಆಮೇಲೆ ನೋಡಿದರಾಯಿತು. ಹೆಣ್ಣುಮಕ್ಕಳ ಪಾಲಿಗೆ ಅಳಿಯಂದಿರು ಹೆಂಡತಿಯ ಪರವಾಗಿ ಹಾಜರಾಗಿರುತ್ತಾರೆ, ಸೂಚಿಯಲ್ಲಿ ಅಳಿಯನ ಹೆಸರಷ್ಟೇ ಕಂಡರೆ ಆಶ್ಚರ್ಯವಿಲ್ಲ.

ರಕ್ತಸಂಬಂಧದ ವಿನಾಯಿತಿ ಎಂಬುದು ಇನ್ನೊಂದು ಸಾಧನ, ಅದನ್ನು ಅಳತೆ ಮೀರಿ ನಂಬುವವರಿದ್ದಾರೆ. ನಾಲ್ಕನೆಯ ಮೆಟ್ಟಿಲಿನವರೆಗಿನ ಬಂಧುಗಳು ಮದುವೆಯಾಗಬೇಕಾದರೆ ಚರ್ಚಿನ ಅಪ್ಪಣೆ ಬೇಕಿತ್ತು. ಮೆಟ್ಟಿಲನ್ನು ಸಮಾನ ಪೂರ್ವಜನಿಂದ ಕೆಳಗೆ ಎಣಿಸುತ್ತಾರೆ: ಒಡಹುಟ್ಟಿದವರು ಒಂದು, ಅವರ ಮಕ್ಕಳು ಎರಡು, ಮೊಮ್ಮಕ್ಕಳು ಮೂರು, ಮರಿಮಕ್ಕಳು ನಾಲ್ಕು. ಎರಡೂ ಕಡೆ ತಲೆಮಾರು ಸಮವಿಲ್ಲದಿದ್ದರೆ "ಮೂರರಿಂದ ನಾಲ್ಕು" ಎಂದಿರುತ್ತದೆ. ಮದುವೆಯ ಬರಹದಲ್ಲಿ ಈ ಸಂಖ್ಯೆ ಕಂಡರೆ ಎರಡೂ ಕಡೆಯ ಸಾಲು ಬರೆದು, ಹೇಳಿದ ಮೆಟ್ಟಿಲಿನಲ್ಲೇ ಇಬ್ಬರೂ ಕೂಡುತ್ತಾರೋ ಎಂದು ತಾಳೆ ನೋಡಬಹುದು. ಬಹಳ ಸಲ ನಡುವಿನ ತಲೆಮಾರಿನ ತಪ್ಪು ಹೀಗೆ ಸಿಕ್ಕಿಬೀಳುತ್ತದೆ. ಆದರೆ ನಮ್ಮ ಪ್ರಶ್ನೆಗೆ ಇದು ಕುರುಡು. ಜನ್ವಿಯೆವ್‌ಳ ಮೊಮ್ಮಗಳು ನಿಕೋಲಾನ ಮೊಮ್ಮಗನನ್ನು ಮದುವೆಯಾಗುವ ಸಂದರ್ಭವನ್ನು ಊಹಿಸಿಕೊಳ್ಳಿ. ಅವರಿಗೆ ಸಮಾನ ಪೂರ್ವಜ ರೋಬೆರ್ ಒಬ್ಬನೇ, ಅಜ್ಜಿಯರು ಬೇರೆ. ಆದರೂ ಚರ್ಚಿನ ಎಣಿಕೆಯಲ್ಲಿ ಅದು ಮೂರನೆಯ ಮೆಟ್ಟಿಲೇ. ಪೂರ್ತಿ ಒಡಹುಟ್ಟೋ ಅರ್ಧ ಒಡಹುಟ್ಟೋ ಎಂಬ ಭೇದ ಆ ಸಂಖ್ಯೆಯಲ್ಲಿ ಮೂಡುವುದಿಲ್ಲ.

ಡಿಎನ್‌ಎ ಕೂಡ ಅಷ್ಟೇ. ಗಂಡುಸಾಲಿನ ವೈ ಕ್ರೋಮೋಸೋಮ್ ಪರೀಕ್ಷೆ ರೋಬೆರ್‌ವರೆಗೆ ಕರೆದೊಯ್ಯಬಲ್ಲದು, ಹೆಂಡತಿಯರ ನಡುವೆ ಆರಿಸಲಾರದು. ಹನ್ನೊಂದು ತಲೆಮಾರಿನ ಆಚೆಗೆ ಸಾಮಾನ್ಯ ಡಿಎನ್‌ಎ ಹೊಂದಾಣಿಕೆಗಳಿಂದ ಏನನ್ನೂ ಸಾಧಿಸಲಾಗದು, ಒಬ್ಬರೇ ಪೂರ್ವಜರಿಗೆ ಹತ್ತಾರು ದಾರಿಗಳಲ್ಲಿ ಸಂಬಂಧ ಇರುವ ಈ ಜನರಲ್ಲಂತೂ ಇನ್ನೂ ಕಷ್ಟ. ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಹೋಗುವ ಮೈಟೊಕಾಂಡ್ರಿಯಾ ಪರೀಕ್ಷೆ ಆನ್‌ಳನ್ನು ಗುರುತಿಸಬಲ್ಲದು, ಆದರೆ ಅದನ್ನು ಜನ್ವಿಯೆವ್ ಅಥವಾ ಜಾನ್‌ರಿಂದ ಮುರಿಯದೆ ಬಂದ ಹೆಣ್ಣುಸಾಲಿನವರ ಮೇಲೆ ಮಾಡಬೇಕು. ದ್ರುವ್ಯಾಂ ಗಂಡುಸಾಲಿನವರು ಆ ಪರೀಕ್ಷೆಗೆ ಹಣ ಸುರಿದರೆ ತಮ್ಮ ತಾಯಿಯ ತಾಯಿಯ ಕಡೆಯ ಬೇರೆ ಯಾರದೋ ಕಥೆ ಸಿಕ್ಕೀತು.

ಓದುವಾಗ ಕಾಲು ಜಾರುವ ಜಾಗಗಳು

1640ರ ದಶಕದ ಜೆಸ್ವಿಟ್ ಬರಹಗಳು ಲ್ಯಾಟಿನ್‌ನಲ್ಲಿವೆ, ಆಮೇಲಿನವು ಫ್ರೆಂಚ್. ಲ್ಯಾಟಿನ್ ಬರಹದಲ್ಲಿ ಮೊದಲ ಹೆಸರುಗಳೂ ಲ್ಯಾಟಿನ್ ವೇಷ ಹಾಕುತ್ತವೆ: ಜಾಂ ಯೋಆನ್ನೆಸ್ ಆಗುತ್ತಾನೆ, ಎತಿಯೆನ್ ಸ್ತೆಫಾನುಸ್ ಆಗುತ್ತಾನೆ. ತಿಂಗಳ ಸಂಕ್ಷೇಪ ಇದಕ್ಕಿಂತ ಅಪಾಯಕಾರಿ. ಏಳರ ಅಂಕಿ ಬರೆದು ಪಕ್ಕದಲ್ಲಿ ಬಿ-ಆರ್-ಇ ಎಂದಿದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್. ಫ್ರೆಂಚಿನಲ್ಲಿ ಏಳಕ್ಕೆ ಸೆಪ್ತ್. ಎಂಟು ಅಕ್ಟೋಬರ್, ಒಂಬತ್ತು ನವೆಂಬರ್, ರೋಮನ್ ಹತ್ತರ ಗುರುತು ಡಿಸೆಂಬರ್. ಈ ಒಂದು ತಪ್ಪೋದಿಕೆಯಿಂದ ಮದುವೆಗೆ ಏಳೇ ತಿಂಗಳಲ್ಲಿ ಮಗು ಹುಟ್ಟಿಸಿ ಅಜ್ಜಿಯ ಮೇಲೆ ಅಪವಾದ ಹೊರಿಸಿದ ಪಟ್ಟಿಗಳಿವೆ.

ಕ್ಯಾಲೆಂಡರ್ ತೊಡಕು ಮಾತ್ರ ಇಲ್ಲ. ಫ್ರಾನ್ಸ್ 1582ರಲ್ಲೇ ಹೊಸ ಕ್ಯಾಲೆಂಡರಿಗೆ ಬದಲಾಯಿತು, ವಸಾಹತುವಿನಲ್ಲಿ ಮೊದಲಿನಿಂದಲೂ ಅದೇ. ಇಂಗ್ಲಿಷ್ ವಸಾಹತುಗಳು 1752ರವರೆಗೆ ಹಳೆಯದನ್ನೇ ಹಿಡಿದಿದ್ದವು. ನ್ಯೂ ಇಂಗ್ಲೆಂಡಿನಿಂದ ಸೆರೆಯಾಗಿ ಬಂದು ಕೆನಡಾದಲ್ಲಿ ನೆಲೆಸಿದವರ ಸಾಲಿನಲ್ಲಿ ಮಾತ್ರ ದಿನಗಳ ವ್ಯತ್ಯಾಸ ಎದುರಾಗುತ್ತದೆ.

ಪ್ಯಾರಿಷ್ ಯಾವುದು ಎಂಬುದನ್ನೂ ಕಾಲಕ್ಕೆ ಹೊಂದಿಸಿ ನೋಡಬೇಕು. ದ್ರುವ್ಯಾಂ ಮನೆ ಇದ್ದದ್ದು ಶಾತೋ-ರಿಶೇಯಲ್ಲಿ. ಆದರೆ ಅಲ್ಲಿನ ದಫ್ತರ ಶುರುವಾದದ್ದು 1661ರಲ್ಲಿ. ಅದಕ್ಕೆ ಮೊದಲು ಹುಟ್ಟಿದ ಮಕ್ಕಳ ಬರಹಗಳಿಗೆ ಕ್ವೆಬೆಕ್ ನಗರದ ನೋತ್ರ್-ದಾಮ್ ದಫ್ತರ ತೆರೆಯಬೇಕು. ಓರ್ಲೆಯಾಂ ದ್ವೀಪದ ಸೆಂತ್-ಫಾಮೀ ದಫ್ತರ 1666ರಿಂದ ಸಿಗುತ್ತದೆ. ಊರಿನ ಹೆಸರು ಹಾಕಿ ಹುಡುಕಿ "ದಾಖಲೆ ಇಲ್ಲ" ಎಂದು ಕೈಚೆಲ್ಲುವ ಮುನ್ನ ಆ ವರ್ಷ ಅಲ್ಲಿ ಚರ್ಚಿನ ಪುಸ್ತಕವೇ ಇತ್ತೋ ಇಲ್ಲವೋ ನೋಡಿ. 1679ರ ಸುಮಾರಿನಿಂದ ಪ್ರತಿ ದಫ್ತರಕ್ಕೂ ಎರಡು ಪ್ರತಿ, ಒಂದು ಚರ್ಚಿಗೆ, ಒಂದು ನ್ಯಾಯಾಲಯಕ್ಕೆ. ಒಂದರಲ್ಲಿ ಪುಟ ಹರಿದಿದ್ದರೆ ಇನ್ನೊಂದು ಪ್ರತಿ ಕೇಳಬೇಕು. ಎರಡನ್ನೂ ಕೈಯಲ್ಲೇ ಬರೆದದ್ದರಿಂದ ಎರಡರ ನಡುವೆ ಹೆಸರು ವ್ಯತ್ಯಾಸ ಸಿಗುವುದುಂಟು.

ಪಾದ್ರಿ ಸಿಪ್ರಿಯೆಂ ತಾಂಗೇ 1871ರಿಂದ 1890ರವರೆಗೆ ಏಳು ಸಂಪುಟಗಳಲ್ಲಿ ತಂದ ವಂಶಕೋಶ ಈ ಕ್ಷೇತ್ರದ ಮೊದಲ ದೊಡ್ಡ ಕೆಲಸ. ಒಬ್ಬ ಮನುಷ್ಯ ಇಷ್ಟು ಮಾಡಿದನೇ ಎಂದು ಇವತ್ತಿಗೂ ಬೆರಗಾಗುತ್ತದೆ. ಬೆರಗು ಬೇರೆ, ಸಾಕ್ಷಿ ಬೇರೆ. ಅದರ ತಪ್ಪುಗಳನ್ನು ಆಮೇಲಿನವರು ಸಾಲುಸಾಲಾಗಿ ತಿದ್ದಿದ್ದಾರೆ. 1730ರವರೆಗಿನ ಕುಟುಂಬಗಳಿಗೆ 1983ರಲ್ಲಿ ಬಂದ ರೆನೇ ಜೆತೇಯ ಕೋಶವನ್ನು ಪಕ್ಕದಲ್ಲಿಟ್ಟುಕೊಳ್ಳದೆ ತಾಂಗೇ ತೆರೆಯಬಾರದು. ಫ್ರಾನ್ಸ್‌ನ ಹುಟ್ಟೂರಿನ ಬರಹ ಸಿಕ್ಕಿದೆಯೋ ಎಂದು ತಿಳಿಯಲು ಫಿಶಿಯೇ ಒರಿಜಿನ್ ತಾಣ ಮೊದಲು ನೋಡಬೇಕಾದ ಜಾಗ. ಅಲ್ಲಿ ವಲಸಿಗರ ಮೂಲ ದಾಖಲೆಯನ್ನು ಪತ್ತೆಹಚ್ಚಿ ಪರೀಕ್ಷಿಸಿ ಹಾಕುತ್ತಾರೆ. ಪೆರ್ಶ್‌ನ ದಫ್ತರದ ಚಿತ್ರಗಳು ಓರ್ನ್ ಜಿಲ್ಲೆಯ ದಾಖಲೆ ಭಂಡಾರದ ತಾಣದಲ್ಲಿವೆ.

ತಿದ್ದಿದ ಸಾಲು

ನಿಕೋಲಾ ದ್ರುವ್ಯಾಂ, ತಂದೆ ರೋಬೆರ್, ತಾಯಿ ಮರೀ ಶಾಪೆಲಿಯೇ. ದ್ರುವ್ಯಾಂ ಹೆಸರು ಹೊತ್ತ ಈ ಸಾಲಿನ ಎಲ್ಲರೂ ಗಂಡುಸಾಲಿನಲ್ಲಿ ಮರೀಯ ಸಂತಾನ. ಹಾಗಾದರೆ ಆನ್ ಕ್ಲೂತಿಯೇಯ ರಕ್ತ ಎಲ್ಲಿ ಹೋಯಿತು? ಜನ್ವಿಯೆವ್ ಮದುವೆಯಾದದ್ದು ನಾರ್ಮಂಡಿಯ ರೋಮೆಂ ತ್ರೆಪಾಞಿಯನ್ನು. ಆ ಹೆಸರು ತಲೆಮಾರುಗಳಲ್ಲಿ ಸವೆದು ತ್ರೆಪಾನಿಯೇ ಆಯಿತು. ಜಾನ್ ಪಿಯೆರ್ ಮಾಯೂವನ್ನು ಮದುವೆಯಾದಳು. ಕೆನಡಾದಲ್ಲಿ ಉಳಿದಿರುವ ಅತ್ಯಂತ ಹಳೆಯ ಮದುವೆ ಕರಾರಿನ ಆ ಹತ್ತು ವರ್ಷದ ಹುಡುಗಿಯ ಮಕ್ಕಳ ಮಕ್ಕಳನ್ನು ಹುಡುಕಬೇಕಾದದ್ದು ದ್ರುವ್ಯಾಂಗಳಲ್ಲಿ ಅಲ್ಲ, ತ್ರೆಪಾನಿಯೇ ಮತ್ತು ಮಾಯೂಗಳಲ್ಲಿ.

ಜಕಾರಿ ಕೈತಪ್ಪಿದ ಎಂದು ದ್ರುವ್ಯಾಂಗಳು ಬೇಸರಪಡಬೇಕಾಗಿಲ್ಲ. ಅವನ ಮಕ್ಕಳಾದ ಕಿರಿಯ ಜಕಾರಿ, ಜಾಂ, ಶಾರ್ಲ್ ಮೂವರಿಗೂ ಸಂತಾನ ಹೆಚ್ಚಿತು, ಮಗಳು ಮರೀ-ಲೂಯೀಸ್‌ಳೂ ಅದೇ ತೀರದಲ್ಲಿ ನೆಲೆಸಿದಳು. ಬೋಪ್ರೇ ತೀರದ ಮನೆಗಳಲ್ಲಿ ಹೆಣ್ಣು ಕೊಟ್ಟು ತಂದದ್ದು ಆಚೀಚೆಯ ಹೊಲದವರ ನಡುವೆಯೇ. ನಿಕೋಲಾನ ನಂತರದ ಒಂದೊಂದು ತಲೆಮಾರಿನಲ್ಲೂ ಬಂದ ಸೊಸೆಯ ಸಾಲನ್ನು ಇದೇ ಕ್ರಮದಲ್ಲಿ, ಮದುವೆಯಿಂದ ಮದುವೆಗೆ, ಹಿಂದಕ್ಕೆ ಒಯ್ದರೆ ಕೊಡಲಿಯ ಗುರುತು ಎಲ್ಲೋ ಒಂದು ಕಡೆ ಎದುರಾಗುವ ಸಾಧ್ಯತೆ ದೊಡ್ಡದು. ಹಾಗೆ ಸಿಕ್ಕ ದಾರಿಯನ್ನು ಪಟ್ಟಿಯಲ್ಲಿ ಬರೆಯುವಾಗ ಪ್ರತಿ ಗಂಟಿನ ಪಕ್ಕ ಮೂರು ವಿಷಯ ಇರಲಿ: ಬರಹ ಮೂಲವೋ, 1640ರ ನಂತರ ನೆನಪಿನಿಂದ ಬರೆದದ್ದೋ, ಇಲ್ಲ ಯಾರದೋ ಕೋಶದ ನಕಲೋ, ತಾರೀಖು ಕರಾರಿನದೋ ಚರ್ಚಿನದೋ, ತಾಯಿಯ ಹೆಸರನ್ನು ಓದಿದ್ದು ಯಾವ ಪುಟದಲ್ಲಿ. ರೋಬೆರ್‌ನ ಹೆಸರಿನ ಕೆಳಗೆ ಎರಡು ಗೆರೆ ಎಳೆದು, ಎಡಕ್ಕೆ 1637, ಬಲಕ್ಕೆ 1649 ಎಂದು ಬರೆದು, ನಿಕೋಲಾನನ್ನು ಬಲಗಡೆ ಕೂರಿಸಿ.